ಹತ್ತಿಯ ಕೈಕಾಗದ: ಒಂದು ಬೀಸುವ ಕಲ್ಲಿನ ಚಿತ್ರಕ್ಕೆ ಬಳಸಿ ನೋಡಿದಾಗ

ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವ ರೂಢಿಯಿಲ್ಲ. ಅದನ್ನು ಹಾಗೆಯೇ ಬಿಟ್ಟುಕೊಳ್ಳಬೇಕು. ಎಣ್ಣೆವರ್ಣದಲ್ಲಿ ಚಿತ್ರಿಸುವವರು ಕತ್ತಲೆಯನ್ನೆಲ್ಲ ಬಳಿದು ಮುಗಿಸಿದ ಮೇಲೂ ಒಂದು ಚೂರು ಬಿಳಿಯಿಂದ ಬೆಳಕನ್ನು ತಂದು ಕೂರಿಸಬಲ್ಲರು, ಆದರೆ ಪಾರದರ್ಶಕ ಬಣ್ಣಗಳನ್ನು ನಂಬಿದವರಿಗೆ ಚಿತ್ರದಲ್ಲಿ ಅತಿ ಹೆಚ್ಚು ಬೆಳಕಿರುವ ಜಾಗವೆಂದರೆ ಕುಂಚ ಮುಟ್ಟದ ಕಾಗದವೇ. ಹಾಗಾಗಿ ಹಣ ಹಾಕಬೇಕಾದದ್ದು ಮೊದಲು ಕಾಗದಕ್ಕೆ, ಆಮೇಲೆ ಬಣ್ಣಕ್ಕೆ, ಕಟ್ಟಕಡೆಗೆ ಕುಂಚಕ್ಕೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ನಮ್ಮ ಅಂಗಡಿಗಳಲ್ಲಿ ಕೊಳ್ಳುವವರು ನಡೆದುಕೊಳ್ಳುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ. ಇಲ್ಲಿ ನಾನು ವಿಮರ್ಶಿಸುತ್ತಿರುವುದು ಹತ್ತಿಯ ಕೈಕಾಗದವನ್ನು. ಅದರ ಮೇಲೆ ಒಂದು ಸಾಂಕೇತಿಕ ಚಿತ್ರವನ್ನು ಮೊದಲ ಗೆರೆಯಿಂದ ಚೌಕಟ್ಟಿನವರೆಗೆ ಮಾಡಿ, ಪ್ರತಿ ಹಂತದಲ್ಲೂ ಕಾಗದ ಏನನ್ನು ಕೊಟ್ಟಿತು, ಯಾವುದಕ್ಕೆ ಒಪ್ಪಲಿಲ್ಲ ಎಂಬುದನ್ನು ಹೇಳುವುದು ಉದ್ದೇಶ. ಯಾವ ತಯಾರಕರ ಹೆಸರನ್ನೂ ಎತ್ತುತ್ತಿಲ್ಲ. ಒಂದೇ ಘಟಕದ ಕೈಕಾಗದವೂ ಕಟ್ಟಿನಿಂದ ಕಟ್ಟಿಗೆ ಬದಲಾಗುತ್ತದೆ, ಮತ್ತು ಇಲ್ಲಿರುವ ಮಾತು ಆ ಬಗೆಯ ಕಾಗದದ ಸ್ವಭಾವಕ್ಕೆ ಸಂಬಂಧಿಸಿದ್ದು.

ಮೊದಲು ವಸ್ತುವಿನ ಪರಿಚಯ. ಬನಿಯನ್, ಟೀ ಶರ್ಟುಗಳನ್ನು ಹೊಲಿಯುವ ಕಾರ್ಖಾನೆಗಳಲ್ಲಿ ಕತ್ತರಿಯಿಂದ ಉಳಿದ ಹತ್ತಿ ಬಟ್ಟೆಯ ಚೂರುಗಳು ಈ ಕಾಗದದ ಮೂಲ. ಅವನ್ನು ಸಣ್ಣಗೆ ಕತ್ತರಿಸಿ, ಹಾಲೆಂಡರ್ ಬೀಟರ್ ಎಂಬ ಯಂತ್ರದಲ್ಲಿ ನೀರಿನೊಡನೆ ಗಂಟೆಗಟ್ಟಲೆ ಜಜ್ಜಿ, ಎಳೆ ಎಳೆಯಾಗಿ ಬಿಡಿಸಿ ಗಂಜಿಯಂತಹ ಪಲ್ಪ್ ಮಾಡುತ್ತಾರೆ. ಆ ಪಲ್ಪನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಜಾಲರಿ ಬಿಗಿದ ಮರದ ಚೌಕಟ್ಟನ್ನು ಅದರೊಳಗೆ ಇಳಿಸಿ ಎತ್ತಿದಾಗ ನೀರು ಸೋರಿಹೋಗಿ ಎಳೆಗಳ ಒಂದು ಪದರ ಜಾಲರಿಯ ಮೇಲೆ ನಿಲ್ಲುತ್ತದೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒಂದರ ಮೇಲೊಂದು ಪೇರಿಸಿ, ಒತ್ತುಯಂತ್ರದಲ್ಲಿ ನೀರು ಹಿಂಡಿ, ಗಾಳಿಯಲ್ಲಿ ಒಣಗಿಸಿದರೆ ಹಾಳೆ. ಮರದ ಕಾಗದದಲ್ಲಿರುವ, ಕಾಲಕ್ರಮದಲ್ಲಿ ಹಳದಿಗಟ್ಟಿಸುವ ಲಿಗ್ನಿನ್ ಹತ್ತಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಆಮ್ಲ ಸೇರದಂತೆ ತಯಾರಾದ ಹತ್ತಿಯ ಹಾಳೆ ತಲೆಮಾರುಗಳ ಕಾಲ ಬಾಳುತ್ತದೆ. ಜೈಪುರದ ಬಳಿಯ ಸಾಂಗಾನೇರಿನ ಕಾಗಜಿ ಮನೆತನಗಳು ಈ ಕಸುಬನ್ನು ಶತಮಾನಗಳಿಂದ ನಡೆಸಿಕೊಂಡು ಬಂದಿವೆ. 1934ರಲ್ಲಿ ವಾರ್ಧಾದಲ್ಲಿ ಆರಂಭವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಪುನಶ್ಚೇತನಕ್ಕೆ ಎತ್ತಿಕೊಂಡ ಗ್ರಾಮೋದ್ಯೋಗಗಳಲ್ಲಿ ಕೈಕಾಗದವೂ ಒಂದು. ಇಂದು ಪುದುಚೇರಿಯಲ್ಲೂ ಇಂತಹ ಹಾಳೆಗಳು ತಯಾರಾಗುತ್ತವೆ.

ಈ ಕಾಗದವನ್ನು ಪರೀಕ್ಷಿಸಲು ಬಣ್ಣದ ಚೌಕಗಳನ್ನು ಬರೆದು ನೋಡಿದ್ದರೆ ಸಾಕಿತ್ತು ಎನ್ನುವವರಿದ್ದಾರೆ. ಚೌಕಗಳು ಕಾಗದದ ಗುಣವನ್ನು ತೋರಿಸುತ್ತವೆ, ಆದರೆ ಆ ಗುಣದಿಂದ ಏನು ಪ್ರಯೋಜನ ಎಂಬುದನ್ನು ತೋರಿಸುವುದಿಲ್ಲ. ನನ್ನ ಮನಸ್ಸಿನಲ್ಲಿ ಒಂದು ಚಿತ್ರವಿತ್ತು: ಬೆಳಗಾಗುವ ಮುನ್ನಿನ ಒಂದು ಕೋಣೆ, ಸಾರಿಸಿದ ನೆಲ, ನಡುವೆ ಬೀಸುವ ಕಲ್ಲು, ಅದರ ಸುತ್ತ ಜೋಳದ ಹಿಟ್ಟಿನ ಬಳೆ. ಬೀಸುವವಳು ಚಿತ್ರದಲ್ಲಿ ಇಲ್ಲ. ಬಯಲುಸೀಮೆಯ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುತ್ತಾ ಹಾಡಿದ ಸಾವಿರಾರು ತ್ರಿಪದಿಗಳು ನಮಗೆ ಉಳಿದಿವೆ. ಹಾಡಿದವರ ಹೆಸರು ಬಹುಪಾಲು ಉಳಿದಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆಗೆ ಸರಿಯಿತು, ರಟ್ಟೆಗೆ ವಿರಾಮ ಸಿಕ್ಕಿತು, ಹಾಡು ನಿಂತಿತು. ಇದರಲ್ಲಿ ಯಾವುದಕ್ಕಾಗಿ ಮರುಗಬೇಕು, ಯಾವುದಕ್ಕಾಗಿ ಸಂತೋಷಪಡಬೇಕು ಎಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವ ಸಂಗತಿಯಲ್ಲ, ಮತ್ತು ಅದು ತೀರ್ಮಾನವಾಗದಿರುವುದರಿಂದಲೇ ಅದನ್ನು ಚಿತ್ರವಾಗಿಸುವ ಆಸೆ ಹುಟ್ಟಿತು. ಹಾಡನ್ನು ಚಿತ್ರದಲ್ಲಿ ತೋರಿಸುವ ದಾರಿಯೆಂದರೆ ಹಿಟ್ಟು. ಹಿಟ್ಟನ್ನು ತೋರಿಸುವ ದಾರಿಯೆಂದರೆ ಬಣ್ಣ ಮುಟ್ಟದ ಕಾಗದ. ಅಂದರೆ ಚಿತ್ರದ ಸಂಕೇತವೇ ಕಾಗದವಾಗಿಬಿಟ್ಟಿತು. ಕಾಗದವನ್ನು ಇದಕ್ಕಿಂತ ಕಟ್ಟುನಿಟ್ಟಾಗಿ ಪರೀಕ್ಷಿಸುವ ಇನ್ನೊಂದು ವಿಷಯ ನನಗೆ ಹೊಳೆಯಲಿಲ್ಲ.

ಸಾಂಕೇತಿಕ ಚಿತ್ರ ಎಂದ ಕೂಡಲೇ ನಮ್ಮ ಪ್ರದರ್ಶನಗಳಲ್ಲಿ ಕಾಣುವ ಸರಕು ಓದುಗರಿಗೂ ಗೊತ್ತು: ಪಂಜರದಿಂದ ಹಾರುವ ಹಕ್ಕಿ, ಕೆಸರಿನ ಕಮಲ, ಹೆಣ್ಣಿನ ಮುಖವಾಗಿ ಬಾಗಿದ ಮರ, ತುಂಡಾದ ಸರಪಳಿ. ಇವುಗಳ ತೊಂದರೆಯೆಂದರೆ ನೋಡುವವರು ಚಿತ್ರವನ್ನು ನೋಡುವ ಮೊದಲೇ ಅರ್ಥ ಮಾಡಿಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಸಂಕೇತವಾಗಿ ನಿಲ್ಲಬೇಕಾದ ವಸ್ತು ಮೊದಲು ವಸ್ತುವಾಗಿ ನಿಲ್ಲಬೇಕು. ಬೀಸುವ ಕಲ್ಲು ಎರಡು ಕೈಗಳಿಂದ ಎತ್ತಲಾರದಷ್ಟು ಭಾರವಾಗಿ ಕಾಣದಿದ್ದರೆ ಅದು ಬೇರೆ ಯಾವುದರ ಭಾರವನ್ನೂ ಹೊರಲಾರದು. ಭಾರತೀಯ ಜಲವರ್ಣದಲ್ಲಿ ಸಂಕೇತದ ಮಾತು ಬಂದರೆ ಅಬನೀಂದ್ರನಾಥ ಠಾಕೂರರು 1905ರಲ್ಲಿ ಮಾಡಿದ ಭಾರತಮಾತೆಯನ್ನು ನೆನೆಯದೆ ಇರಲಾಗದು. ಕಾವಿಯುಟ್ಟ ಆ ತಾಯಿಯ ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿಯ ಬಟ್ಟೆ, ಜಪಮಾಲೆ ಇವೆ. ವಿದ್ಯೆ, ಅನ್ನ, ವಸ್ತ್ರ, ದೀಕ್ಷೆ ಎಂದು ಯಾರು ಬೇಕಾದರೂ ಓದಿಕೊಳ್ಳಬಹುದು. ಆದರೂ ಅದು ಒಗಟು ಬಿಡಿಸುವ ಚಿತ್ರವಾಗಿ ಉಳಿಯದಿರುವುದಕ್ಕೆ ಕಾರಣ ಅದರ ತಂತ್ರ. 1903ರ ಸುಮಾರಿಗೆ ಕೋಲ್ಕತ್ತಾಕ್ಕೆ ಬಂದಿದ್ದ ಜಪಾನಿನ ಕಲಾವಿದರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೋ ಅವರ ಕೆಲಸವನ್ನು ಕಂಡು, ಬಣ್ಣ ಹಚ್ಚಿದ ಹಾಳೆಯನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ಮೃದುಗೊಳಿಸುವ ವಾಷ್ ಪದ್ಧತಿಯನ್ನು ಅಬನೀಂದ್ರನಾಥರು ರೂಢಿಸಿಕೊಂಡರು. ಆ ಮಬ್ಬಿನಲ್ಲಿ ನಾಲ್ಕು ಕೈಗಳ ನಾಲ್ಕು ವಸ್ತುಗಳು ಗಟ್ಟಿಯಾಗಿ ಕೂಗುವುದನ್ನು ಬಿಟ್ಟು ಹಾಳೆಯೊಳಗೆ ಇಳಿದಿವೆ. ಅವರ ಶಿಷ್ಯರಾಗಿದ್ದ ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ಗಳ ನಿಸರ್ಗವನ್ನು ಜಲವರ್ಣದಲ್ಲಿ ಹಿಡಿದಾಗ ಯಾವ ಸಂಕೇತವನ್ನೂ ಮುಂದೊಡ್ಡಲಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಿದೆ. ಸಂಕೇತದ ಹುಚ್ಚು ಹಿಡಿದವರು ಆ ಕೃತಿಗಳ ಮುಂದೆ ಒಂದಷ್ಟು ಹೊತ್ತು ನಿಂತು ಬರುವುದು ಒಳ್ಳೆಯದು.

ಚಿತ್ರದ ವಿನ್ಯಾಸಕ್ಕೆ ಆಧಾರ ತ್ರಿಪದಿಯ ಛಂದಸ್ಸಿನಿಂದಲೇ ಸಿಕ್ಕಿತು. ತ್ರಿಪದಿಯ ಮೊದಲ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣಗಳು, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯ ಈ ಪದ್ಯಜಾತಿಯಲ್ಲಿ ಕೊನೆಯ ಸಾಲು ಒಂದು ಹೆಜ್ಜೆ ಮೊದಲೇ ನಿಲ್ಲುತ್ತದೆ, ಮತ್ತು ಆ ಮೊಟಕಿನಲ್ಲೇ ಅದರ ಇರಿತವಿದೆ. ಹಾಳೆಯ ಎತ್ತರವನ್ನು ಹನ್ನೊಂದು ಪಾಲು ಮಾಡಿ, ಮೇಲಿನ ನಾಲ್ಕು ಪಾಲು ಗೋಡೆಯ ಕತ್ತಲೆಗೆ, ನಡುವಿನ ನಾಲ್ಕು ಕಲ್ಲಿಗೆ, ಕೆಳಗಿನ ಮೂರು ನೆಲಕ್ಕೂ ಹಿಟ್ಟಿಗೂ ಎಂದು ಪೆನ್ಸಿಲಿನಿಂದ ಗುರುತು ಹಾಕಿದೆ. ನೋಡುವವರಿಗೆ ಈ ಲೆಕ್ಕ ತಿಳಿಯಬೇಕೆಂದೇನೂ ಇಲ್ಲ. ಕೆಳಪಟ್ಟಿ ನಿರೀಕ್ಷೆಗಿಂತ ಕಿರಿದಾಗಿರುವುದರಿಂದ ಹಿಟ್ಟಿನ ಬಳೆ ಹಾಳೆಯ ಅಂಚಿಗೆ ಒತ್ತಿಕೊಂಡು ಹೊರಕ್ಕೆ ಚೆಲ್ಲುವಂತೆ ಕಾಣುತ್ತದೆ, ನನಗೆ ಬೇಕಾಗಿದ್ದದ್ದು ಅಷ್ಟೇ.

ಇನ್ನು ಕಾಗದದ ವಿಚಾರ. ನಾನು ತೆಗೆದುಕೊಂಡದ್ದು 56×76 ಸೆಂ.ಮೀ. ಅಳತೆಯ, 300 ಜಿಎಸ್‌ಎಂ ಎಂದು ಗುರುತಿಸಿದ, ಒರಟು ಮೈಯ ಹಾಳೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಮಿನಲ್ಲಿ. ಆ ಲೆಕ್ಕದಲ್ಲಿ ಈ ಅಳತೆಯ ಒಂದು ಹಾಳೆ ಸುಮಾರು 128 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಒಂದೇ ಕಟ್ಟಿನ ಹಾಳೆಗಳು ಹೆಚ್ಚುಕಡಿಮೆ ತೂಗುತ್ತವೆ, ಮತ್ತು ಒಂದೇ ಹಾಳೆಯಲ್ಲೂ ಒಂದು ಬದಿ ಬೆರಳಿಗೆ ದಪ್ಪವಾಗಿ, ಇನ್ನೊಂದು ಬದಿ ತೆಳ್ಳಗೆ ಸಿಗುವುದುಂಟು. ಕೈಯಿಂದ ಎತ್ತಿದ ಹಾಳೆಗೆ ಇದು ಸಹಜ. ಯಂತ್ರದ ಕಾಗದಕ್ಕೆ ಒಗ್ಗಿಕೊಂಡವರಿಗೆ ಕಿರಿಕಿರಿ. ದಪ್ಪವಿರುವ ಬದಿ ನೀರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆಯಾದ್ದರಿಂದ ಆ ಬದಿಯನ್ನು ಮೇಲಕ್ಕೆ, ಗೋಡೆಯ ಮಬ್ಬುಗತ್ತಲೆ ಬರಬೇಕಾದ ಕಡೆಗೆ ತಿರುಗಿಸಿಕೊಂಡೆ.

ಬಣ್ಣವೂ ಗಮನಿಸಬೇಕಾದದ್ದು. ಅಂಗಡಿಯ ಅಗ್ಗದ ಡ್ರಾಯಿಂಗ್ ಕಾಗದಗಳು ನೀಲಿಯ ಛಾಯೆಯಲ್ಲಿ ಕಣ್ಣು ಕೋರೈಸುವಷ್ಟು ಬೆಳ್ಳಗಿರುವುದು ಅವಕ್ಕೆ ಸೇರಿಸಿದ ಹೊಳಪುಕಾರಕ ರಾಸಾಯನಿಕದಿಂದ. ಬೆಳಕಿಗೆ ಒಡ್ಡಿಕೊಂಡಂತೆ ಆ ಹೊಳಪು ಇಳಿದು ಕಾಗದ ಕಳೆಗುಂದುತ್ತದೆ. ಅಂತಹ ಹೊಳಪುಕಾರಕ ಸೇರದ ಈ ಹಾಳೆ ಹತ್ತಿಯ ಸ್ವಂತ ಬಿಳಿಯದು, ಸ್ವಲ್ಪ ಬೆಚ್ಚಗಿನದು. ಬಿಳಿಜೋಳದ ಹಿಟ್ಟನ್ನು ಒಂದು ಚಿಟಿಕೆ ಹಾಳೆಯ ಮೇಲೆ ಇಟ್ಟು ನೋಡಿದಾಗ ಎರಡರ ನಡುವಿನ ವ್ಯತ್ಯಾಸ ನೆರಳಿನಿಂದ ಮಾತ್ರ ತಿಳಿಯುವಂತಿತ್ತು. ಇಷ್ಟು ಒಪ್ಪುವ ಬಿಳಿಯನ್ನು ಯಾವ ಬಣ್ಣದ ಟ್ಯೂಬಿನಿಂದಲೂ ಕಲಸಿಕೊಳ್ಳಲು ಸಾಧ್ಯವಿರಲಿಲ್ಲ.

ಕಾಗದ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಿರ್ಧರಿಸುವುದು ಹತ್ತಿಗಿಂತ ಹೆಚ್ಚಾಗಿ ಸೈಜಿಂಗ್, ಅಂದರೆ ಕಾಗದ ನೀರನ್ನು ಒಮ್ಮೆಲೇ ಹೀರದಂತೆ ಅದಕ್ಕೆ ಸೇರಿಸುವ ಅಂಟಿನಂತಹ ವಸ್ತು. ಸೈಜಿಂಗ್ ಇಲ್ಲದ ಹತ್ತಿಯ ಹಾಳೆ ಶಾಯಿ ಹೀರುವ ಕಾಗದವೇ ಸರಿ. ಹಚ್ಚಿದ ಬಣ್ಣ ಒಳಗಿಳಿದು ಮಂಕಾಗುತ್ತದೆ, ಅಂಚು ಹರಡುತ್ತದೆ, ತಿದ್ದಲು ಅವಕಾಶವೇ ಇರುವುದಿಲ್ಲ. ಒಳ್ಳೆಯ ಜಲವರ್ಣ ಕಾಗದದಲ್ಲಿ ಪಲ್ಪಿನೊಳಗೆ ಒಂದು ಸೈಜಿಂಗ್ ಬೆರೆತಿರುತ್ತದೆ, ಒಣಗಿದ ಹಾಳೆಯ ಮೈಮೇಲೆ ಇನ್ನೊಂದು ಲೇಪ, ಸಾಮಾನ್ಯವಾಗಿ ಜೆಲಟಿನ್ನಿನದು, ಇರುತ್ತದೆ. ಜೆಲಟಿನ್ ಪ್ರಾಣಿಜನ್ಯ ವಸ್ತು. ಇದನ್ನು ತಿಳಿದ ಮೇಲೆಯೇ ಕಾಗದ ಖರೀದಿಸಲು ಬಯಸುವ ಸಸ್ಯಾಹಾರಿ ಓದುಗರು ಖಂಡಿತ ಇದ್ದಾರೆ. ಪಿಷ್ಟ ಅಥವಾ ರಾಸಾಯನಿಕ ಸೈಜಿಂಗಿನ ಹಾಳೆಗಳೂ ಸಿಗುತ್ತವೆ, ಕೊಳ್ಳುವಾಗ ಕೇಳಬೇಕು, ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಇನ್ನೊಂದು ಕಡೆ ವಿಚಾರಿಸಬೇಕು. ಪರೀಕ್ಷೆ ಸುಲಭ: ಹಾಳೆಯ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಾಗಿ ನಿಂತು ನಿಧಾನವಾಗಿ ಚಪ್ಪಟೆಯಾದರೆ ಸೈಜಿಂಗ್ ಚೆನ್ನಾಗಿದೆ. ಬಿದ್ದ ಕೂಡಲೇ ಕಪ್ಪು ಕಲೆಯಾಗಿ ಇಂಗಿದರೆ ಆ ಹಾಳೆ ಜಲವರ್ಣಕ್ಕೆ ಬೇಡ.

ಗೋಡೆಯ ಕತ್ತಲೆಯಿಂದ ಆರಂಭಿಸಿದೆ. ಹಾಳೆಯ ಮೇಲಿನ ಭಾಗವನ್ನು ಅಗಲ ಕುಂಚದಿಂದ ಎರಡು ಸಲ ನೆನೆಸಿ, ಹೊಳಪು ಇಳಿಯುವ ಹೊತ್ತಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ದಟ್ಟ ಬಣ್ಣವನ್ನು ಇಳಿಬಿಟ್ಟೆ. ಹತ್ತಿಯ ಕಾಗದಕ್ಕೂ ಮರದ ಪಲ್ಪಿನ ಕಾಗದಕ್ಕೂ ಇರುವ ನಿಜವಾದ ಅಂತರ ಇಲ್ಲಿ ತಿಳಿಯುತ್ತದೆ. ಧಾರವಾಡದ ಬೇಸಗೆಯ ಒಣಗಾಳಿಯಲ್ಲೂ ಹಾಳೆ ಸಾಕಷ್ಟು ಹೊತ್ತು ಒದ್ದೆಯಾಗಿಯೇ ಉಳಿಯಿತು. ಎಡಬದಿಯಿಂದ ಬಲಬದಿಗೆ ಬಂದು, ಮತ್ತೆ ಎಡಕ್ಕೆ ಹೋಗಿ ಇನ್ನಷ್ಟು ಕತ್ತಲೆ ಸೇರಿಸಿದರೂ ನಡುವೆ ಹೂಕೋಸಿನಂತಹ ಕಲೆ ಏಳಲಿಲ್ಲ. ಮೊದಲ ಯೋಜನೆಯಲ್ಲಿ ಗೋಡೆಯಲ್ಲೊಂದು ಕಿಟಕಿಯಿತ್ತು, ಅದರಿಂದ ಮೂರು ಬೆಳಕಿನ ಕೋಲುಗಳು ತ್ರಿಪದಿಯ ಸಾಲುಗಳಂತೆ ಇಳಿಯುವುದಿತ್ತು. ಗೋಡೆ ಒಣಗುತ್ತಾ ತನ್ನಷ್ಟಕ್ಕೆ ತಾನೇ ಆಳ ಪಡೆದುಕೊಳ್ಳುವುದನ್ನು ಕಂಡ ಮೇಲೆ ಕಿಟಕಿಯನ್ನು ಕೈಬಿಟ್ಟೆ. ಬೆಳಕು ಹೊರಗಿನಿಂದ ಬಂದರೆ ಯಾರೋ ಬಂದು ಉದ್ಧರಿಸಿದಂತಾಗುತ್ತದೆ. ಈ ಚಿತ್ರದಲ್ಲಿ ಬೆಳಕು ಕಲ್ಲಿನ ಬುಡದಿಂದಲೇ ಬರಬೇಕಿತ್ತು, ಬೀಸಿದವಳ ಕೆಲಸದಿಂದ ಬರಬೇಕಿತ್ತು. ಸಾಂಕೇತಿಕ ಚಿತ್ರದಲ್ಲಿ ಇಂತಹ ನಿರ್ಧಾರಗಳು ಮೇಜಿನ ಮುಂದೆ ಕುಳಿತು ಯೋಚಿಸುವಾಗ ಆಗುವುದಕ್ಕಿಂತ ಹೆಚ್ಚಾಗಿ ಹಚ್ಚಿದ ಬಣ್ಣ ಒಣಗುವುದನ್ನು ಕಾಯುವಾಗ ಆಗುತ್ತವೆ, ಮತ್ತು ನಿಧಾನವಾಗಿ ಒಣಗುವ ಕಾಗದ ಆ ಅರ್ಥದಲ್ಲಿ ಯೋಚನೆಗೂ ಸಮಯ ಕೊಡುತ್ತದೆ.

ಕಲ್ಲಿನ ವಿಷಯದಲ್ಲಿ ಈ ಕಾಗದವನ್ನು ಎಷ್ಟು ಹೊಗಳಿದರೂ ಕಡಿಮೆ. ಅಲ್ಟ್ರಾಮರೀನ್ ನೀಲಿಯ ಕಣಗಳು ತೇಲಿ ತೇಲಿ ಕೊನೆಗೆ ಕಾಗದದ ತಗ್ಗುಗಳಲ್ಲಿ ಕೂರುವ ಸ್ವಭಾವದವು. ಥ್ಯಾಲೋ ನೀಲಿಯಂತಹ ನುಣ್ಣನೆಯ, ಎಳೆಗೆ ಅಂಟಿಕೊಳ್ಳುವ ಬಣ್ಣಗಳಿಗೆ ಈ ಗುಣವಿಲ್ಲ. ಹಾಗಾಗಿ ಕಲ್ಲಿಗೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ, ನೆಲದ ಹತ್ತಿರ ಒಂದಿಷ್ಟು ಯೆಲ್ಲೋ ಓಕರ್, ಇಷ್ಟನ್ನೇ ಇಟ್ಟುಕೊಂಡೆ. ಯಂತ್ರದ ಕಾಗದದಲ್ಲಿ ತರಿಗಳು ಒಂದೇ ಅಳತೆಯಲ್ಲಿ ಸಾಲಾಗಿ ಬಂದು, ಒಣಗಿದ ಬಣ್ಣ ಮುದ್ರಿಸಿದ ಬಟ್ಟೆಯ ನಮೂನೆಯಂತೆ ಕಾಣುವುದುಂಟು. ಇಲ್ಲಿ ತರಿ ಒಂದು ಕಡೆ ದಟ್ಟ, ಒಂದು ಕಡೆ ವಿರಳ, ಒಂದೆಡೆ ಎಳೆಯೊಂದು ಸುರುಳಿಯಾಗಿ ಎದ್ದು ನಿಂತಿದೆ. ಬಣ್ಣ ಒಣಗಿದಾಗ ಮೇಲಿನ ಕಲ್ಲಿನ ಮೈ ಉಳಿಯಿಂದ ಕಚ್ಚು ಹೊಡೆಸಿಕೊಂಡ ನಿಜವಾದ ಕಲ್ಲಿನ ಹಾಗೆಯೇ ತರಿತರಿಯಾಗಿ ಬಂತು. ಅದರ ಮೇಲೆ ನೀರು ಹಿಂಡಿದ ಕುಂಚವನ್ನು ಅಡ್ಡ ಹಿಡಿದು ಸವರಿದಾಗ ಬಣ್ಣ ಉಬ್ಬುಗಳಿಗೆ ಮಾತ್ರ ತಾಗಿ ತಗ್ಗುಗಳು ಹಾಗೇ ಉಳಿದವು. ಹಿಡಿಗೂಟದ ಬುಡದಲ್ಲಿ, ವರ್ಷಗಟ್ಟಲೆ ಅಂಗೈ ತಾಗಿ ನುಣುಪಾದ ಜಾಗವನ್ನು ಮಾತ್ರ ನಯವಾದ ತೆಳುಬಣ್ಣದಿಂದ ಬೇರೆ ಮಾಡಿದೆ. ಇಡೀ ಚಿತ್ರದಲ್ಲಿ ಒಬ್ಬ ಮನುಷ್ಯಳ ಗುರುತು ಇರುವುದು ಆ ನುಣುಪಿನಲ್ಲಿ ಒಂದೇ. ಮೊದಲ ರೇಖಾಚಿತ್ರಗಳಲ್ಲಿ ಗೂಟ ಹಿಡಿದ ಒಂದು ಬಳೆಗೈಯಿತ್ತು. ಕೈ ಇದ್ದಾಗ ಚಿತ್ರ ಒಬ್ಬಳ ಕಥೆಯಾಗುತ್ತಿತ್ತು, ತೆಗೆದ ಮೇಲೆ ಕಲ್ಲು ಎಲ್ಲರದ್ದಾಯಿತು.

ಹಿಟ್ಟಿನ ಬಳೆಯನ್ನು ಬಿಟ್ಟುಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಮತ್ತು ಕೈಕಾಗದದ ಮಿತಿ ಕಾಣಿಸುವುದೂ ಇಲ್ಲಿಯೇ. ಬಿಳಿ ಜಾಗವನ್ನು ಕಾಪಾಡಲು ಹಲವರು ಮಾಸ್ಕಿಂಗ್ ಫ್ಲೂಯಿಡ್ ಬಳಸುತ್ತಾರೆ. ರಬ್ಬರಿನ ಹಾಲಿನಿಂದ ಮಾಡಿದ ಆ ದ್ರವವನ್ನು ಹಚ್ಚಿ, ಒಣಗಿದ ಮೇಲೆ ಅದರ ಮೇಲೆಯೇ ಬಣ್ಣ ಬಳಿದು, ಕೊನೆಗೆ ಉಜ್ಜಿ ತೆಗೆಯುತ್ತಾರೆ. ಗಟ್ಟಿ ಸೈಜಿಂಗಿನ ಯಂತ್ರದ ಕಾಗದದಲ್ಲಿ ಅದು ಸಲೀಸಾಗಿ ಕಿತ್ತು ಬರುತ್ತದೆ. ಮೃದುವಾದ ಕೈಕಾಗದದಲ್ಲಿ ಅದು ಮೇಲಿನ ಎಳೆಗಳನ್ನೂ ಜೊತೆಗೆ ಎತ್ತಿಕೊಂಡು ಬರುವ ಅಪಾಯವಿದೆ, ತುಂಡು ಹಾಳೆಯ ಮೇಲೆ ಅದನ್ನು ಕಂಡೂ ಆಯಿತು. ಎಳೆ ಎದ್ದ ಜಾಗ ಹತ್ತಿಯ ತುಪ್ಪಳದಂತೆ ಉಬ್ಬಿ, ಆಮೇಲೆ ಬಣ್ಣ ತಾಗಿದರೆ ಕೊಳೆಯಾಗಿ ಕಾಣುತ್ತದೆ. ಹಾಗಾಗಿ ಹಿಟ್ಟಿನ ಸುತ್ತ ನೆಲದ ಬಣ್ಣವನ್ನು ಕುಂಚದ ತುದಿಯಿಂದಲೇ ಕತ್ತರಿಸಿಕೊಂಡು ಬರಬೇಕಾಯಿತು: ಹಿಟ್ಟು ದಪ್ಪಗೆ ಬಿದ್ದ ಕಡೆ ಗಡುಸು ಅಂಚು, ಪುಡಿ ಹಾರಿ ನೆಲಕ್ಕೆ ಬೆರೆತ ಕಡೆ ಒದ್ದೆ ಕುಂಚದಿಂದ ಕರಗಿಸಿದ ಅಂಚು. ಸಾರಿಸಿದ ನೆಲದ ಹಸಿರುಗಂದು ಬಣ್ಣ ಹಿಟ್ಟಿನ ಬಳೆಯನ್ನು ಮುಟ್ಟುವ ಆ ಗೆರೆಯ ಉದ್ದಕ್ಕೂ ಕೈಗೆ ಆತುರವಿರಬಾರದು. ಮಾಸ್ಕಿಂಗ್ ಇದ್ದಿದ್ದರೆ ಹಿಟ್ಟಿನ ಅಂಚು ಕಾಗದ ಕತ್ತರಿಸಿ ಅಂಟಿಸಿದಂತೆ ಒಂದೇ ಸಮನಾಗಿ ಬರುತ್ತಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ಇದು ಕಾಗದದ ಮಿತಿಯನ್ನು ಗುಣವೆಂದು ಹೊಗಳುವ ಮಾತಾಗಬಾರದು. ಹುಲ್ಲಿನ ಎಸಳು, ಹಗ್ಗ, ಸೂಕ್ಷ್ಮ ಜಾಲರಿಗಳಂತಹ ಬಿಳಿಗೆರೆಗಳು ಬೇಕಾದವರಿಗೆ ಈ ಕಾಗದ ತಕ್ಕದ್ದಲ್ಲ.

ಇನ್ನೊಂದು ದೋಷವನ್ನೂ ಹೇಳಬೇಕು. ನಾನು ತಂದ ಕಟ್ಟಿನ ಒಂದೆರಡು ಹಾಳೆಗಳಲ್ಲಿ ಸೈಜಿಂಗ್ ಸರಿಯಾಗಿ ಹತ್ತದ ಚುಕ್ಕೆಗಳಿದ್ದವು. ಒಣಗಿದ್ದಾಗ ಕಣ್ಣಿಗೆ ಕಾಣದ ಇವು ನೀರು ತಾಗಿದ ಕೂಡಲೇ ಕಪ್ಪಗೆ ಎದ್ದು ಬರುತ್ತವೆ, ಆ ಜಾಗದ ಬಣ್ಣ ಒಳಕ್ಕಿಳಿದು ಸುತ್ತಲಿಗಿಂತ ಮಂಕಾಗಿ ಉಳಿಯುತ್ತದೆ, ಯಾವ ಉಪಾಯದಿಂದಲೂ ಅದನ್ನು ಸರಿಪಡಿಸಲಾಗದು. ಇದಕ್ಕೆ ತಯಾರಿಕೆಯೂ ಕಾರಣವಿರಬಹುದು, ಕಾಗದ ಇಟ್ಟ ಜಾಗದ ತೇವವೂ ಕಾರಣವಿರಬಹುದು. ಮಲೆನಾಡು, ಕರಾವಳಿಯವರು ಇದನ್ನು ಹೆಚ್ಚು ಎಚ್ಚರದಿಂದ ಗಮನಿಸಬೇಕು: ಜೆಲಟಿನ್ ಶಿಲೀಂಧ್ರಕ್ಕೆ ಒಳ್ಳೆಯ ಆಹಾರ, ಒಂದು ಮಳೆಗಾಲ ಬೀರುವಿನಲ್ಲಿ ಹಾಗೇ ಬಿದ್ದ ಹಾಳೆ ಮೇಲ್ನೋಟಕ್ಕೆ ಹೊಸದರಂತಿದ್ದು ಬಣ್ಣ ಹಚ್ಚಿದಾಗ ಮಾತ್ರ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಸಮತಟ್ಟಾಗಿ ಇಡುವುದು, ಮತ್ತು ವರ್ಷಕ್ಕೆ ಬೇಕಾದಷ್ಟನ್ನೇ ಕೊಳ್ಳುವುದು ಉಚಿತ. ರಿಯಾಯಿತಿ ಇದೆಯೆಂದು ಕಟ್ಟುಗಟ್ಟಲೆ ತಂದಿಡುವ ಸರಕು ಇದಲ್ಲ.

ಹಾಳೆ ಬಾಗುವ ವಿಚಾರಕ್ಕೆ ಹೆಚ್ಚು ಮಾತು ಬೇಡ. 300 ಜಿಎಸ್‌ಎಂ ಹಾಳೆ ಪೂರ್ತಿ ನೆನೆದಾಗ ಅಲೆಯಲೆಯಾಗುತ್ತದೆ. ಮೊದಲೇ ನೆನೆಸಿ, ಹಲಗೆಯ ಮೇಲೆ ಅಂಟುಪಟ್ಟಿಯಿಂದ ಬಿಗಿದು ಒಣಗಿಸಿಕೊಂಡರೆ ಈ ತೊಂದರೆಯಿಲ್ಲ, ಆದರೆ ಹಾಗೆ ಬಿಗಿದರೆ ನಾಲ್ಕೂ ಕಡೆಯ, ಕತ್ತರಿ ತಾಗದ ಎಳೆಬಿಟ್ಟ ಅಂಚುಗಳು ಪಟ್ಟಿಯಡಿ ಹಾಳಾಗುತ್ತವೆ. 640 ಜಿಎಸ್‌ಎಂ ಹಾಳೆಗೆ ಬಿಗಿಯುವ ಅಗತ್ಯವೇ ಬರುವುದಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಏರುತ್ತದೆ.

ತಿದ್ದುಪಡಿಗೆ ಎಷ್ಟು ಅವಕಾಶವಿದೆ ಎಂದು ಕೇಳುವವರಿಗೆ: ಸ್ವಲ್ಪ. ಒಣಗಿದ ಅಲ್ಟ್ರಾಮರೀನನ್ನು ಒದ್ದೆ ಕುಂಚದಿಂದ ಸಡಿಲಿಸಿ ಬಟ್ಟೆಯಿಂದ ಒತ್ತಿ ಎತ್ತಿದಾಗ ಕಾಲುಭಾಗದ ನೆರಳು ಉಳಿಯುತ್ತದೆ, ಶುದ್ಧ ಬಿಳಿ ಮತ್ತೆ ಬರುವುದಿಲ್ಲ. ಫ್ರಾನ್ಸಿನ ಆರ್ಷ್, ಇಟಲಿಯ ಫಾಬ್ರಿಯಾನೋ ಊರುಗಳ ಹೆಸರು ಹೊತ್ತ ಹತ್ತಿಯ ಕಾಗದಗಳು ಸಿಲಿಂಡರ್ ಅಚ್ಚಿನ ಯಂತ್ರದಲ್ಲಿ ತಯಾರಾಗುವಂತಹವು. ಹಾಳೆಯಿಂದ ಹಾಳೆಗೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಉಜ್ಜುವಿಕೆಯನ್ನೂ ತಡೆಯುತ್ತವೆ, ನಮ್ಮಲ್ಲಿಗೆ ಬರುವಷ್ಟರಲ್ಲಿ ದುಬಾರಿಯೂ ಆಗಿರುತ್ತವೆ. ಗಿರಾಕಿಯ ಮುಖಚಿತ್ರವನ್ನು ಗಡುವಿನೊಳಗೆ ಮಾಡಿಕೊಡಬೇಕಾದವರು, ಕಟ್ಟಡಗಳ ನೇರ ಗೆರೆಗಳನ್ನು ಬರೆಯುವವರು ಅವಕ್ಕೇ ಹಣ ಕೊಡುವುದು ಜಾಣತನ. ಈಗತಾನೆ ಕಲಿಯಲು ಹೊರಟ ವಿದ್ಯಾರ್ಥಿಗಳಿಗೂ ಕೈಕಾಗದವನ್ನು ಶಿಫಾರಸು ಮಾಡಲಾರೆ. ತಪ್ಪು ತಮ್ಮದೋ ಹಾಳೆಯದೋ ಎಂದು ಅವರಿಗೆ ತಿಳಿಯುವ ದಾರಿಯಿರುವುದಿಲ್ಲ. ಕಲ್ಲು, ಮಣ್ಣು, ಹಳೆಯ ಗೋಡೆ, ಮೋಡ, ಮರದ ತೊಗಟೆ, ಇಂತಹ ವಿಷಯಗಳತ್ತ ಮನಸ್ಸು ಹೋಗುವವರು, ನಿಧಾನವಾಗಿ ಕೆಲಸ ಮಾಡುವ ಅಭ್ಯಾಸವಿರುವವರು ಇದನ್ನು ಒಂದು ಸಲವಾದರೂ ತಂದು ನೋಡಬೇಕು.

ಚಿತ್ರ ಮುಗಿದ ಮೇಲೆ ಅದನ್ನು ನೋಡಿದವರಲ್ಲಿ ಒಬ್ಬ ಹಿರಿಯರು ಹಿಟ್ಟು ಬಿದ್ದ ರೀತಿಯಿಂದಲೇ ಕಲ್ಲು ಯಾವ ಕಡೆಗೆ ತಿರುಗಿತ್ತೆಂದು ಹೇಳಿದರು. ಇನ್ನೊಬ್ಬರು ಅದನ್ನು ಚಂದ್ರನ ಸುತ್ತಲಿನ ಬೆಳಕಿನ ಬಳೆಯೆಂದು ತಿಳಿದು ಕಲ್ಲು ಯಾಕೆ ಇದೆ ಎಂದು ಕೇಳಿದರು. ಹಾಡಿನ ಬಗ್ಗೆ ಯಾರಿಗೂ ನಾನಾಗಿ ಹೇಳಲಿಲ್ಲ. ಶೀರ್ಷಿಕೆಯನ್ನು ಬೀಸುವ ಕಲ್ಲು ಎಂದಷ್ಟೇ ಇಟ್ಟಿದ್ದೇನೆ, ಸಹಿಯನ್ನು ಹಾಳೆಯ ಹಿಂಬದಿಗೆ ಹಾಕಿದ್ದೇನೆ. ಹೆಸರಿಲ್ಲದವರ ಹಾಡಿನ ಚಿತ್ರದ ಮುಂಬದಿಯಲ್ಲಿ ನನ್ನ ಹೆಸರು ಮೂಲೆಯಿಂದ ಇಣುಕುವುದು ಸರಿಕಾಣಲಿಲ್ಲ. ಕೈಕಾಗದ ಮುಂದಿನ ಬಣ್ಣವನ್ನೂ ಹಿಂದಿನ ಶಾಯಿಯನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳುವಷ್ಟು ದಪ್ಪವಿರುವುದು ಇಲ್ಲಿ ಅನುಕೂಲಕ್ಕೆ ಬಂತು.

ಚೌಕಟ್ಟು ಹಾಕಿಸುವವರಿಗೆ ಒಂದು ಸೂಚನೆ. ಫ್ರೇಮಿನ ಅಂಗಡಿಯಲ್ಲಿ ಈ ಹಾಳೆಯನ್ನು ಕೊಟ್ಟರೆ ಎಳೆಬಿಟ್ಟ ಅಂಚನ್ನು ಹರಿದ ಕಾಗದವೆಂದು ತಿಳಿದು ಸ್ಕೇಲು ಹಿಡಿದು ಕತ್ತರಿಸುವ ಸಂಭವವಿದೆ, ಆದ್ದರಿಂದ ಅಂಚು ಕಾಣುವಂತೆ ಹಿಂದಿನ ಮೌಂಟಿನ, ಅಂದರೆ ಆಧಾರದ ರಟ್ಟಿನ, ಮೇಲೆ ತೇಲಿಸಿ ಕೂರಿಸಬೇಕೆಂದು ಬರೆದುಕೊಡುವುದು ಕ್ಷೇಮ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಮುಂಬದಿಗೆ ಇಳಿಯುತ್ತದೆ. ಗೋಧಿ ಪಿಷ್ಟದ ಅಂಟು ಮತ್ತು ತೆಳು ಜಪಾನಿ ಕಾಗದದ ಎರಡು ಪಟ್ಟಿಗಳಿಂದ ಹಾಳೆಯ ಮೇಲಂಚನ್ನು ಮಾತ್ರ ತೂಗುಹಾಕಿದರೆ ತೇವ ಹೆಚ್ಚಿದಾಗ ಹಿಗ್ಗಲು, ಇಳಿದಾಗ ಕುಗ್ಗಲು ಅದಕ್ಕೆ ಜಾಗವಿರುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ಹಿಂದಿನ ರಟ್ಟು ಆಮ್ಲರಹಿತವಾಗಿರಬೇಕು, ನೇರ ಬಿಸಿಲು ಬೀಳುವ ಗೋಡೆ ಬೇಡ. ನಾನು ಬಳಸಿದ ಮೂರೂ ಬಣ್ಣಗಳು ಬೆಳಕಿಗೆ ಮಾಸದ ಜಾತಿಯವು. ಅಲಿಜರಿನ್ ಕ್ರಿಮ್ಸನ್‌ನಂತಹ ಮಾಸುವ ಬಣ್ಣಗಳನ್ನು ಹಚ್ಚಿದವರು ಚಿತ್ರವನ್ನು ಒಳಗಿನ ಕೋಣೆಯಲ್ಲೇ ತೂಗುಹಾಕುವುದು ಲೇಸು.